ಸೋಪಾಶ್ರಯ ವಿಚಾರ

ನಿಲ್ಲಲಾರದವರೂ ನೆಲದ ಮೇಲೆ ಕುಳಿತರೆ ಏಳಲಾರದವರೂ ಕುರ್ಚಿಯಲ್ಲಿ ಕುಳಿತಲ್ಲಿಯೇ ಮಾಡತಕ್ಕ ಮೃದುವಾದ ವ್ಯಾಯಾಮಗಳು ಈಚಿನ ಕೆಲವು ದಶಕಗಳಿಂದ ಬಹುಮಟ್ಟಿಗೆ ಪ್ರಚಾರಕ್ಕೆ ಬಂದಿರುತ್ತವೆ. ಮಂಡಿಯ ಸಂಧಿವಾತದಿಂದ ನರಳುವ ವೃದ್ಧರು, ಪಾರ್ಶ್ವವಾಯುವಿನಿಂದ ಒಂದು ಮಗ್ಗುಲಿನ ಬಲವನ್ನು ಕಳೆದುಕೊಂಡವರು, ಗಾಲಿಕುರ್ಚಿಯನ್ನೇ ಆಶ್ರಯಿಸಿದವರು, ಇವರೇ ಈ ಅಭ್ಯಾಸಕ್ಕೆ ಮುಖ್ಯರಾದ ಅಧಿಕಾರಿಗಳು. ೨೦೧೧ರ ಜನಗಣತಿಯಲ್ಲಿ ಭಾರತದ ಅಂಗವಿಕಲರ ಸಂಖ್ಯೆ ೨.೬೮ ಕೋಟಿಯೆಂದು ಕಂಡುಬಂದು, ಅವರಲ್ಲಿ ಸುಮಾರು ೫೪ ಲಕ್ಷ ಮಂದಿ ಚಲನಶಕ್ತಿಯ ಕೊರತೆಯುಳ್ಳವರೆಂದು ಎಣಿಸಲ್ಪಟ್ಟಿತ್ತು. ಮುಪ್ಪಿನಿಂದ ಮಾತ್ರವೇ ಕಾಲು ಸೋತವರಲ್ಲಿ ಬಹುಮಂದಿ ಈ ಲೆಕ್ಕಕ್ಕೆ ಹೊರಗೇ ಉಳಿಯುವರು. ಈ ಅಭ್ಯಾಸವನ್ನು ಕೆಲವರು ‘ಕುರ್ಚಿಯೋಗ’ವೆಂದೂ, ಕೆಲವರು ‘ಸೂಕ್ಷ್ಮವ್ಯಾಯಾಮ’ವೆಂದೂ, ಮತ್ತೆ ಕೆಲವರು ‘ಶಿಥಿಲೀಕರಣ’ವೆಂದೂ ವ್ಯವಹರಿಸುವರು.

ಇದರ ವಿಷಯದಲ್ಲಿ ಎರಡು ಪಕ್ಷಗಳು ಕೇಳಬರುತ್ತವೆ. ಕುರ್ಚಿಯ ಮೇಲೆ ಕುಳಿತು ಕೈಕಾಲಾಡಿಸುವುದು ಆಸನವೇ ಅಲ್ಲ, ಅಶಕ್ತರ ಸಮಾಧಾನಕ್ಕಾಗಿ ಹೊರನಾಡುಗಳಲ್ಲಿ ಹುಟ್ಟಿಕೊಂಡ ಒಂದು ಅನುಕಲ್ಪ, ಎಂಬುದು ಮೊದಲನೆಯದು. ಇದೆಲ್ಲವೂ ಪತಂಜಲಿಮುನಿಯ ಕಾಲದಿಂದಲೇ ಇತ್ತು, ಹೊಸದೇನೂ ಇಲ್ಲ, ಎಂಬುದು ಎರಡನೆಯದು. ಮೂಲಗ್ರಂಥಗಳನ್ನು ಮುಂದಿಟ್ಟುಕೊಂಡು ನೋಡಿದರೆ ಎರಡೂ ನಿಲ್ಲಲಾರವು. ಮೊದಲನೆಯದರಿಂದ ಆಗುವ ಹಾನಿಯಾದರೋ ಅಲ್ಪವಲ್ಲ. ಪದ್ಮಾಸನವನ್ನು ಹಾಕಲಾಗದಂದಿನಿಂದ ಪ್ರಾಣಾಯಾಮವನ್ನೂ ಜಪವನ್ನೂ ಒಟ್ಟಿಗೆ ಬಿಟ್ಟು, ಶಾಸ್ತ್ರದಲ್ಲಿ ತಮಗಿನ್ನು ಎಡೆಯಿಲ್ಲವೆಂದು ಮೂಲೆ ಹಿಡಿದ ವೃದ್ಧವಿದ್ವಾಂಸರು ಎಷ್ಟೋ ಮಂದಿ ಉಂಟು. ಅವರನ್ನು ಶಾಸ್ತ್ರವೇ ಹೊರಗಟ್ಟಿತೋ, ಶಾಸ್ತ್ರದ ಹೆಸರಿನಲ್ಲಿ ಯಾರೋ ಹೇಳಿದ ಮಾತು ಹೊರಗಟ್ಟಿತೋ ಎಂಬುದನ್ನು ನಿಶ್ಚಯಿಸುವುದು ಆವಶ್ಯಕವಾಗಿದೆ.

ಮೊದಲು ವಿಷಯದ ಸ್ವರೂಪ. ಚಕ್ರಗಳಿಲ್ಲದ, ಅಲುಗಾಡದ ಗಟ್ಟಿ ಕುರ್ಚಿ. ಅಂಗಾಲುಗಳು ನೆಲದ ಮೇಲೆ ಚಪ್ಪಟೆಯಾಗಿ ಊರುವಷ್ಟು, ಮಂಡಿಗಳು ಸಮಕೋನದಲ್ಲಿ ಮಡಿಯುವಷ್ಟು ಅದರ ಎತ್ತರ. ಗಾಲಿಕುರ್ಚಿಯನ್ನು ಬಿಟ್ಟಿಳಿಯಲಾರದವರು ಅದರ ಗಾಲಿಗಳಿಗೆ ತಡೆಹಾಕಿಕೊಂಡು ಕುಳಿತರಾಯಿತು. ಕತ್ತನ್ನು ಮೆಲ್ಲಗೆ ಎಡಬಲಗಳಿಗೆ ತಿರುಗಿಸುವುದು, ಹೆಗಲುಗಳನ್ನು ಎತ್ತಿ ಇಳಿಸುವುದು, ಮೊಣಕೈ ಮಡಿಸಿ ನೀಡುವುದು, ಮಣಿಕಟ್ಟನ್ನು ಸುತ್ತಿಸುವುದು, ಬೆರಳುಗಳನ್ನು ಮುಷ್ಟಿಮಾಡಿ ಬಿಡಿಸುವುದು, ಒಂದೊಂದು ಕಾಲನ್ನೂ ಮಂಡಿಯಿಂದ ನೆಟ್ಟಗೆ ನೀಡಿ ಇಳಿಸುವುದು, ಹಿಮ್ಮಡಿಯೂರಿ ಕಾಲ್ಬೆರಳುಗಳನ್ನು ಮೇಲೆತ್ತುವುದು, ಸೊಂಟದಿಂದ ಮೇಲಣ ದೇಹವನ್ನು ಸ್ವಲ್ಪವಾಗಿ ಹೊರಳಿಸುವುದು. ಇವೆಲ್ಲಕ್ಕೂ ಉಸಿರನ್ನು ಹೊಂದಿಸಿಕೊಳ್ಳುವುದು. ಇಷ್ಟೇ ವಿಷಯ. ಎದೆನೋವು ಅಥವಾ ತಲೆಸುತ್ತು ಕಂಡೊಡನೆ ನಿಲ್ಲಿಸತಕ್ಕದ್ದೆಂಬುದೂ, ಹೊಸದಾಗಿ ಮೂಳೆ ಮುರಿದವರು, ಹೃದ್ರೋಗಿಗಳು ವೈದ್ಯನನ್ನು ಕೇಳಿಯೇ ತೊಡಗತಕ್ಕದ್ದೆಂಬುದೂ ಇದರೊಡನೆ ಸೇರಿದ ನಿಯಮಗಳು.

ಇಲ್ಲಿ ಎರಡು ಅಂಶಗಳು ಕೂಡಿಕೊಂಡಿರುವುದನ್ನು ಬೇರ್ಪಡಿಸಿ ನೋಡಬೇಕು. ಆಧಾರವನ್ನು ಹೊಂದಿ ಕುಳಿತುಕೊಳ್ಳುವುದು ಒಂದು. ಕುಳಿತು ಅಂಗಗಳನ್ನು ಚಲಿಸುವುದು ಇನ್ನೊಂದು. ಈ ಎರಡನ್ನೂ ಒಂದೇ ಶಾಸ್ತ್ರದಲ್ಲಿ ಹುಡುಕಹೋದುದರಿಂದಲೇ ಮೇಲ್ಕಂಡ ಪಕ್ಷಗಳೆರಡೂ ದಾರಿತಪ್ಪಿರುವಂತೆ ಕಾಣುತ್ತದೆ.

ಆಸನಪದವನ್ನು ಮೊದಲು ಪರಿಶೀಲಿಸೋಣ. ಧಾತುಪಾಠದ ಅದಾದಿಗಣದಲ್ಲಿ ಉಪವೇಶನಾರ್ಥದಲ್ಲಿ ಪಠಿತವಾದ ಆಸ್ ಧಾತುವಿಗೆ ಲ್ಯುಟ್ ಪ್ರತ್ಯಯವು ಸೇರಿ ಈ ಪದವು ನಿಷ್ಪನ್ನವಾಗುವುದು. ಪಾಣಿನಿಯ ಮೂರನೆಯ ಅಧ್ಯಾಯದ ಮೂರನೆಯ ಪಾದದಂತೆ ಲ್ಯುಟ್ ಭಾವದಲ್ಲಿಯೂ ಬರಬಹುದು, ಕರಣಾಧಿಕರಣಗಳಲ್ಲಿಯೂ ಬರಬಹುದು. ಭಾವದಲ್ಲಿ ಬಂದರೆ ಕುಳಿತುಕೊಳ್ಳುವಿಕೆ. ಅಧಿಕರಣದಲ್ಲಿ ಬಂದರೆ ಕುಳಿತುಕೊಳ್ಳುವ ಪೀಠ. ಗೀತೆಯ ಆರನೆಯ ಅಧ್ಯಾಯದಲ್ಲಿ ಈ ಪದವು ಎರಡನೆಯ ಅರ್ಥದಲ್ಲಿಯೇ ಬಂದಿದೆ. ಅಲ್ಲಿ ಆಸನವು ಸ್ಥಿರವಾಗಿಯೂ, ಅತಿ ಎತ್ತರವೂ ಅತಿ ತಗ್ಗೂ ಆಗದೆಯೂ ಇರಬೇಕೆಂದು ವಿಧಿ. ಅಲುಗಾಡದ ಕುರ್ಚಿಯನ್ನು ಆರಿಸಿ, ಅಂಗಾಲು ನೆಲಕ್ಕೆ ತಾಗಬೇಕೆನ್ನುವ ಈಗಿನ ಶಿಕ್ಷಕರ ನಿಯಮವು ಇದಕ್ಕಿಂತ ಬಹುದೂರವಾದುದಲ್ಲ. ಗೀತೆಯ ಪೀಠವು ದರ್ಭೆ, ಅಜಿನ, ವಸ್ತ್ರಗಳಿಂದಾದುದು, ಇದು ಮರದ್ದೋ ಕಬ್ಬಿಣದ್ದೋ ಎಂಬುದಷ್ಟೇ ಭೇದ. ಅರಬ್ಬೀ ಮೂಲದಿಂದ ಬಂದ ‘ಕುರ್ಚಿ’ಯ ಪಕ್ಕದಲ್ಲಿ ‘ಆಸನ’ವನ್ನಿಟ್ಟು ‘ಕುರ್ಚಿಯಾಸನ’ವೆಂದು ಸಮಾಸಮಾಡುವವರು ಪೀಠದ ಪಕ್ಕದಲ್ಲಿ ಪೀಠವನ್ನೇ ಇಟ್ಟಂತಾಯಿತೆಂದು ವೈಯಾಕರಣನು ನಕ್ಕರೂ ನಗಬಹುದು. ಆದರೆ ಪೀಠವೂ ಕುಳಿತುಕೊಳ್ಳುವ ಬಗೆಯೂ ಒಂದೇ ಶಬ್ದದಲ್ಲಿ ಅಡಗಿರುವುದು ಗಮನಾರ್ಹ. ಪೀಠವನ್ನು ಬಿಟ್ಟು ಅಂಗವಿನ್ಯಾಸವನ್ನು ಮಾತ್ರ ಆಸನವೆನ್ನುವುದು ರೂಢಿಯೇ ಹೊರತು ವ್ಯುತ್ಪತ್ತಿಯಲ್ಲ.

ಕನ್ನಡದ ಲೋಕವ್ಯವಹಾರದಲ್ಲಿ ಮಾತ್ರ ಕುಳಿತುಕೊಳ್ಳುವುದಕ್ಕೆ ಅಷ್ಟು ಮರ್ಯಾದೆಯಿಲ್ಲ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದೆಂಬ ಗಾದೆಯು ಕುಳಿತವನೆಂದರೆ ಸೋಮಾರಿಯೆಂದೇ ಭಾವಿಸುತ್ತದೆ. ಶಾಸ್ತ್ರದ ದೃಷ್ಟಿ ಬೇರೆ. ಬ್ರಹ್ಮಸೂತ್ರದ ನಾಲ್ಕನೆಯ ಅಧ್ಯಾಯದ ಮೊದಲನೆಯ ಪಾದದಲ್ಲಿರುವ ಆಸೀನಾಧಿಕರಣವು ಉಪಾಸನೆಯನ್ನು ಕುಳಿತೇ ಮಾಡಬೇಕೆಂದು ನಿರ್ಣಯಿಸುತ್ತದೆ. ಶಂಕರಭಗವತ್ಪಾದರು ಅಲ್ಲಿ ಕೊಡುವ ಕಾರಣಗಳು ಅನುಭವಸಿದ್ಧವಾದವು: ನಡೆಯುವಿಕೆ ಓಡುವಿಕೆಗಳು ಚಿತ್ತವನ್ನು ಚೆದರಿಸುತ್ತವೆ, ನಿಂತವನ ಮನಸ್ಸು ದೇಹವನ್ನು ಬೀಳದಂತೆ ಹಿಡಿದಿಡುವುದರಲ್ಲಿಯೇ ತೊಡಗಿರುತ್ತದೆ, ಮಲಗಿದವನನ್ನು ನಿದ್ರೆಯು ಹಠಾತ್ತಾಗಿ ಹಿಡಿಯುತ್ತದೆ. ಇವುಗಳಲ್ಲಿ ಎರಡನೆಯ ಕಾರಣವನ್ನು ಕಾಲು ಸೋತವರಿಗೆ ಕುಳಿತು ಕಲಿಸುವ ಶಿಕ್ಷಕನೂ ಹೇಳುತ್ತಾನೆ. ಬೀಳುವ ಭಯವು ಹೋದಮೇಲೆಯೇ ಅಂಗವು ತನ್ನ ಕೆಲಸದಲ್ಲಿ ತೊಡಗಲು ಸಾಧ್ಯವಷ್ಟೆ.

ಇನ್ನು ಯೋಗಸೂತ್ರ. ಎರಡನೆಯ ಪಾದದ ೪೬ನೆಯ ಸೂತ್ರವು ಆಸನಕ್ಕೆ ಸ್ಥೈರ್ಯ, ಸುಖ ಎಂಬೆರಡೇ ಲಕ್ಷಣಗಳನ್ನು ಹೇಳಿ ಸುಮ್ಮನಾಗುತ್ತದೆ. ಕಾಲು ಎಲ್ಲಿರಬೇಕು, ಕೈ ಎಲ್ಲಿರಬೇಕು ಎಂಬ ಮಾತೇ ಇಲ್ಲ. ಮುಂದಿನ ಸೂತ್ರವು ಆಸನಸಿದ್ಧಿಗೆ ಪ್ರಯತ್ನಶೈಥಿಲ್ಯವನ್ನೂ ಅನಂತಸಮಾಪತ್ತಿಯನ್ನೂ ಸಾಧನಗಳನ್ನಾಗಿ ಹೇಳುವುದು. ಆಕಾರಗಳ ಪಟ್ಟಿಯು ಬರುವುದು ವ್ಯಾಸಭಾಷ್ಯದಲ್ಲಿ. ಪದ್ಮ, ವೀರ, ಭದ್ರ, ಸ್ವಸ್ತಿಕ, ದಂಡ ಎಂಬ ಪ್ರಸಿದ್ಧಾಸನಗಳಾದ ಕೂಡಲೇ ‘ಸೋಪಾಶ್ರಯ’ವೆಂಬ ಹೆಸರು ಬಂದಿದೆ, ಆಮೇಲೆ ಪರ್ಯಂಕ, ಕ್ರೌಂಚ ಹಸ್ತಿ ಉಷ್ಟ್ರಗಳ ಕುಳಿತಿರುವಿಕೆ, ಸಮಸಂಸ್ಥಾನ, ಸ್ಥಿರಸುಖ, ಯಥಾಸುಖ ಎಂಬಿವು. ಪಟ್ಟಿಯು ಆದಿಶಬ್ದದಿಂದ ಮುಗಿಯುವುದರಿಂದ ಹೇಳದೆ ಉಳಿದವೂ ಉಂಟೆಂದಾಯಿತು.

ಉಪಾಶ್ರಯವೆಂದರೆ ಒರಗು, ಆಧಾರ. ಅದರೊಡನೆ ಕೂಡಿದುದು ಸೋಪಾಶ್ರಯ. ವಾಚಸ್ಪತಿಮಿಶ್ರನು ತತ್ತ್ವವೈಶಾರದಿಯಲ್ಲಿ ಯೋಗಪಟ್ಟಕದ ಸಂಬಂಧದಿಂದ ಇದಕ್ಕೆ ಈ ಹೆಸರೆಂದು ವಿವರಿಸಿದ್ದಾನೆ. ವಿಜ್ಞಾನಭಿಕ್ಷುವಿನ ಅಭಿಪ್ರಾಯವೂ ಇದೇ. ಯೋಗಪಟ್ಟವೆಂಬುದು ಕುಳಿತವನ ಮಂಡಿಗಳನ್ನೂ ಬೆನ್ನನ್ನೂ ಸುತ್ತಿ ಬಿಗಿದು, ದೇಹವು ಕುಸಿಯದಂತೆ ತಡೆಯುವ ಬಟ್ಟೆಯ ಪಟ್ಟಿ. ಇದನ್ನು ಪುಸ್ತಕದಲ್ಲಿ ಓದಿ ಊಹಿಸಬೇಕಾದ ಕಷ್ಟವು ಕನ್ನಡಿಗರಿಗೆ ಇಲ್ಲ. ಮೇಲುಕೋಟೆಯ ಬೆಟ್ಟದ ಮೇಲಣ ಯೋಗನರಸಿಂಹಸ್ವಾಮಿಯು ಮಂಡಿಗಳಿಗೆ ಯೋಗಪಟ್ಟವನ್ನು ಬಿಗಿದುಕೊಂಡೇ ಕುಳಿತಿರುವನು. ಶಬರಿಮಲೆಯ ಶಾಸ್ತೃಮೂರ್ತಿಯೂ ಹಾಗೆಯೇ. ಮೆಟ್ಟಿಲುಗಳನ್ನು ಹತ್ತಿಹೋಗಿ ಕೈಮುಗಿಯುವ ಭಕ್ತರಲ್ಲಿ ಯಾರೂ ಆ ಪಟ್ಟಿಯನ್ನು ದೇವರ ಅಶಕ್ತಿಯ ಗುರುತೆಂದು ತಿಳಿಯುವುದಿಲ್ಲ. ಮನುಷ್ಯನು ಅಂತಹುದೇ ಒಂದು ಆಧಾರವನ್ನು ಹಿಡಿದರೆ ಮಾತ್ರ ಅದು ಕೀಳೆಂದು ತೋರುವುದು ವಿಚಿತ್ರ.

ಈ ಪಟ್ಟಿಯ ಕ್ರಮದಲ್ಲಿ ಒಂದು ಮುಖ್ಯವಾದ ಸಂಗತಿಯುಂಟು. ಧರ್ಮಶಾಸ್ತ್ರಜ್ಞರು ಮುಖ್ಯಕಲ್ಪ, ಅನುಕಲ್ಪ ಎಂದು ವಿಭಾಗಮಾಡುವರು. ಶಕ್ತನಿಗೆ ವಿಧಿಸಿದುದು ಮೊದಲನೆಯದು. ಅದು ಆಗದವನಿಗೆ ಅದರ ಸ್ಥಾನದಲ್ಲಿ ಹೇಳಿದುದು ಎರಡನೆಯದು. ಮೊದಲನೆಯದಕ್ಕೆ ಶಕ್ತನಾಗಿದ್ದೂ ಎರಡನೆಯದನ್ನು ಹಿಡಿದವನಿಗೆ ಪಾರಲೌಕಿಕಫಲವಿಲ್ಲವೆಂದು ಮನುಸ್ಮೃತಿಯ ಹನ್ನೊಂದನೆಯ ಅಧ್ಯಾಯವು ಹೇಳುತ್ತದೆ. ನೀರಿನಲ್ಲಿ ಮೀಯಲಾರದವನಿಗೆ ಮಂತ್ರಸ್ನಾನ, ಮಾನಸಸ್ನಾನಗಳನ್ನು ಹೇಳಿರುವುದು ಅನುಕಲ್ಪಕ್ಕೆ ಎಲ್ಲರೂ ಬಲ್ಲ ಉದಾಹರಣೆ. ಭಾಷ್ಯಕಾರನಿಗೆ ಸೋಪಾಶ್ರಯವು ಅನುಕಲ್ಪವೆಂಬ ಅಭಿಪ್ರಾಯವಿದ್ದಿದ್ದರೆ ಅದನ್ನು ಪಟ್ಟಿಯ ಕೊನೆಗೆ ತಳ್ಳಿ, ಅಶಕ್ತನಾದರೆ ಇದು ಎಂದು ಒಂದು ಮಾತನ್ನು ಸೇರಿಸುತ್ತಿದ್ದನು. ಹಾಗೆ ಮಾಡಿಲ್ಲ. ದಂಡಾಸನಕ್ಕೂ ಪರ್ಯಂಕಕ್ಕೂ ನಡುವೆ, ಪದ್ಮಾಸನವಿರುವ ಪಂಕ್ತಿಯಲ್ಲಿಯೇ, ಯಾವ ವಿಶೇಷಣವೂ ಇಲ್ಲದೆ ಇಟ್ಟಿದ್ದಾನೆ. ಪಂಕ್ತಿಭೇದವಿಲ್ಲವೆಂದಮೇಲೆ ಅದು ಮುಖ್ಯಕಲ್ಪವೇ ಸರಿ. ಸಾಂಖ್ಯಪ್ರವಚನಸೂತ್ರದ ಆರನೆಯ ಅಧ್ಯಾಯವಂತೂ ಇನ್ನೂ ಮುಂದೆ ಹೋಗಿ, ಸ್ಥಿರವೂ ಸುಖವೂ ಆದುದೇ ಆಸನವಾದ್ದರಿಂದ ಇಂತಹುದೇ ಆಗಬೇಕೆಂಬ ನಿಯಮವೇ ಇಲ್ಲವೆಂದು ಸ್ಪಷ್ಟಪಡಿಸಿದೆ.

ಇಷ್ಟರಿಂದ ಎರಡನೆಯ ಪಕ್ಷದವರು ಹಿಗ್ಗತಕ್ಕದ್ದಿಲ್ಲ. ಯೋಗಪಟ್ಟವು ಕುರ್ಚಿಯಲ್ಲ. ಸೋಪಾಶ್ರಯದಲ್ಲಿ ಕುಳಿತವನು ಕೈಕಾಲಾಡಿಸುತ್ತಾನೆಂದು ಯಾವ ವ್ಯಾಖ್ಯಾನಕಾರನೂ ಹೇಳಿಲ್ಲ. ಪಾತಂಜಲದಲ್ಲಿ ಆಸನದ ಪ್ರಯೋಜನವೇ ಚಲನವು ನಿಲ್ಲುವುದು. ಅಂಗಗಳ ನಡುಕವು ಅಡಗಿದ ಮೇಲೆಯೇ ಮುಂದಿನ ಅಂಗವಾದ ಪ್ರಾಣಾಯಾಮಕ್ಕೆ ದಾರಿ. ಆದುದರಿಂದ ಹೆಗಲನ್ನು ಸುತ್ತಿಸುವುದಕ್ಕೂ ಕಾಲನ್ನು ನೀಡುವುದಕ್ಕೂ ಪತಂಜಲಿಯನ್ನು ಸಾಕ್ಷಿಗೆ ಕರೆಯುವುದು ಅನ್ಯಾಯ. ಆಧಾರವನ್ನು ಹಿಡಿಯುವುದಕ್ಕೆ ಯೋಗಶಾಸ್ತ್ರದ ಸಮ್ಮತಿಯುಂಟು. ಚಲನಕ್ಕೆ ಸಮ್ಮತಿಯನ್ನು ಬೇರೆ ಕಡೆ ಹುಡುಕಬೇಕು. ಆ ಬೇರೆ ಕಡೆಯೇ ಆಯುರ್ವೇದ.

ಆಯುರ್ವೇದದಲ್ಲಿ ಕಾಲಿಟ್ಟೊಡನೆ ಒಂದು ದೊಡ್ಡ ತೊಡಕು ಎದುರಾಗುವುದು. ವಾಗ್ಭಟನು ಅಷ್ಟಾಂಗಹೃದಯದ ಸೂತ್ರಸ್ಥಾನದ ಎರಡನೆಯ ಅಧ್ಯಾಯದಲ್ಲಿ ವ್ಯಾಯಾಮದ ಗುಣಗಳನ್ನು ಹೊಗಳಿ, ಮರುಕ್ಷಣವೇ ವಾತಪಿತ್ತರೋಗಿ, ಬಾಲ, ವೃದ್ಧ, ಅಜೀರ್ಣವುಳ್ಳವನು, ಇವರು ಅದನ್ನು ಬಿಡಬೇಕೆಂದು ವಿಧಿಸುತ್ತಾನೆ. ಚರಕಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯದಲ್ಲಿಯೂ ವೃದ್ಧರಿಗೆ ಇಂತಹುದೇ ನಿಷೇಧವು ಕಾಣಬರುತ್ತದೆ. ಕುಳಿತು ಮಾಡುವ ವ್ಯಾಯಾಮಕ್ಕೆ ಮುಖ್ಯಾಧಿಕಾರಿಗಳೆಂದು ಮೇಲೆ ಹೇಳಿದ ವೃದ್ಧನೂ ವಾತರೋಗಿಯೂ ಇಲ್ಲಿ ನಿಷೇಧದ ಪಂಕ್ತಿಯಲ್ಲಿಯೇ ಕುಳಿತಿದ್ದಾರೆ! ಯೋಗವ್ಯಾಯಾಮಗಳನ್ನು ಕುರಿತ ಕೈಪಿಡಿಗಳಲ್ಲಿ ವಾಗ್ಭಟನ ಹೊಗಳಿಕೆಯನ್ನು ಎತ್ತಿಕೊಂಡು ಈ ನಿಷೇಧವನ್ನು ಮೆಲ್ಲಗೆ ಬಿಟ್ಟುಬಿಡುವ ಪದ್ಧತಿಯುಂಟು. ಇದು ಪಂಡಿತರಿಗೆ ತಕ್ಕುದಲ್ಲ; ನಿಷೇಧವನ್ನು ಮುಚ್ಚಿಡುವುದರಿಂದ ಅದು ಹೋಗುವುದಿಲ್ಲ.

ಹಾಗಾದರೆ ಗತಿಯೇನು? ನಿಷಿದ್ಧವಾದ ವ್ಯಾಯಾಮವೆಂದರೆ ಯಾವುದು ಎಂಬುದನ್ನು ಮೊದಲು ತಿಳಿಯಬೇಕು. ಸಂಹಿತೆಗಳಲ್ಲಿ ವ್ಯಾಯಾಮಕ್ಕೆ ಎರಡು ಲಕ್ಷಣಗಳು ದೊರೆಯುತ್ತವೆ. ಸುಶ್ರುತನು ಚಿಕಿತ್ಸಾಸ್ಥಾನದ ೨೪ನೆಯ ಅಧ್ಯಾಯದಲ್ಲಿ, ಶರೀರಕ್ಕೆ ಆಯಾಸವನ್ನುಂಟುಮಾಡುವ ಕರ್ಮವೇ ವ್ಯಾಯಾಮವೆನ್ನುತ್ತಾನೆ. ಚರಕನ ಲಕ್ಷಣವಾದರೋ ಬೇರೆ: ಸ್ಥೈರ್ಯವನ್ನು ಕೊಡುವ, ಬಲವನ್ನು ಹೆಚ್ಚಿಸುವ, ಇಷ್ಟವಾದ ಶರೀರಚೇಷ್ಟೆಯೇ ವ್ಯಾಯಾಮ, ಅದನ್ನು ಮಾತ್ರೆಯರಿತು ಆಚರಿಸಬೇಕು. ಅಲ್ಲಿ ‘ಚೇಷ್ಟಾ’ ಎಂದು ಎರಡು ಸಲ ಕೇಳಿಬರುವ ಶಬ್ದವನ್ನು ಎರಡನೆಯ ಕಡೆ ‘ಚ ಇಷ್ಟಾ’ ಎಂದು ಬಿಡಿಸಿದರೆ ಮಾತ್ರ ಅರ್ಥವು ಹೊಂದುವುದೆಂಬುದನ್ನು ಪಾಠಮಾಡುವವರು ಮರೆಯಬಾರದು. ಬಿಡಿಸದೆ ಓದಿದರೆ ಇಷ್ಟವೆಂಬ ವಿಶೇಷಣವೇ ಹಾರಿಹೋಗಿ ಬರಿಯ ಪುನರುಕ್ತಿ ಉಳಿಯುತ್ತದೆ. ಈ ಒಂದು ಸಂಧಿಯಲ್ಲಿ ಅಡಗಿರುವ ಅರ್ಥ ಸಣ್ಣದಲ್ಲ. ಹೊರೆ ಹೊರುವವನ ಚೇಷ್ಟೆಯೂ ಚೇಷ್ಟೆಯೇ; ಇಷ್ಟವಾದುದಲ್ಲವಾದ್ದರಿಂದ ಅದು ವ್ಯಾಯಾಮವಾಗದು.

ಈಗ ವಿಕಲ್ಪಿಸಿ ನೋಡಬಹುದು. ಸುಶ್ರುತನ ಲಕ್ಷಣವನ್ನು ಹಿಡಿದರೆ, ಆಯಾಸವನ್ನುಂಟುಮಾಡದಂತೆ ಕುಳಿತು ಬೆರಳು ಮಡಿಸಿ ಬಿಡಿಸುವುದು ವ್ಯಾಯಾಮವೇ ಅಲ್ಲ. ಅಲ್ಲವಾದಮೇಲೆ ವೃದ್ಧನಿಗೆ ಹೇಳಿದ ನಿಷೇಧವು ಅದನ್ನು ಮುಟ್ಟುವುದಿಲ್ಲ. ಚರಕನ ಲಕ್ಷಣವನ್ನು ಹಿಡಿದರೆ ಅದು ವ್ಯಾಯಾಮವೇ ಅಹುದು. ಆಗ ನಿಷೇಧವು ಮುಟ್ಟೀತೇ ಎಂದರೆ, ಮಾತ್ರೆಯೆಂಬುದು ಆ ಲಕ್ಷಣದೊಡನೆಯೇ ಸೇರಿ ಬಂದಿರುವುದರಿಂದ, ಮಾತ್ರೆಮೀರಿದುದಕ್ಕೇ ನಿಷೇಧವೆಂದು ವ್ಯವಸ್ಥೆಮಾಡಬೇಕಾಗುತ್ತದೆ. ಹೀಗೆ ವ್ಯವಸ್ಥೆಮಾಡದಿದ್ದರೆ ವೃದ್ಧನು ಉಣ್ಣಲು ಕೈಯೆತ್ತುವುದೂ ನಿಷಿದ್ಧವಾದೀತು. ನಿಷೇಧದ ವಿಷಯವು ಮಲ್ಲರ ಗರಡಿಯ ಸಾಧನೆಯಂತಹ ಆಯಾಸಕರ್ಮವೇ ಹೊರತು ಚಲನಮಾತ್ರವಲ್ಲ.

ಇದು ಬರಿಯ ತರ್ಕವಲ್ಲವೆಂಬುದಕ್ಕೆ ಸುಶ್ರುತಸಂಹಿತೆಯಲ್ಲಿಯೇ ಪ್ರಬಲವಾದ ಜ್ಞಾಪಕವುಂಟು. ಚಿಕಿತ್ಸಾಸ್ಥಾನದ ಮೂರನೆಯ ಅಧ್ಯಾಯವು ಮುರಿದ ಮೂಳೆಗಳ ಚಿಕಿತ್ಸೆಯನ್ನು ಹೇಳುವುದು. ಅಂಗೈಯ ಮೂಳೆ ಮುರಿದು ಕಟ್ಟುಹಾಕಿ ಕೂಡಿಕೊಂಡಮೇಲೆ, ರೋಗಿಯು ಆ ಕೈಯಲ್ಲಿ ಮೊದಲು ಮಣ್ಣಿನ ಮುದ್ದೆಯನ್ನು ಹಿಡಿಯಬೇಕು, ಆಮೇಲೆ ಉಪ್ಪಿನ ಗಟ್ಟಿಯನ್ನು, ಕೈಗೆ ಬಲ ಬಂದನಂತರ ಕಲ್ಲನ್ನು ಎಂದು ಅಲ್ಲಿ ಕ್ರಮವನ್ನು ವಿಧಿಸಿದೆ. ಮೆತ್ತನೆಯದರಿಂದ ಗಟ್ಟಿಯಾದುದಕ್ಕೆ, ಹಗುರದಿಂದ ಭಾರಕ್ಕೆ ಹೋಗುವ ಈ ಮೆಟ್ಟಿಲುಗಳನ್ನು ನೋಡಿದರೆ, ಇಂದಿನ ಆಸ್ಪತ್ರೆಯಲ್ಲಿ ಪಾರ್ಶ್ವವಾಯುರೋಗಿಯ ಕೈಗೆ ಮೆತ್ತನೆಯ ಚೆಂಡನ್ನು ಕೊಟ್ಟು ಹಿಸುಕಿಸುವ ದೃಶ್ಯವು ಕಣ್ಣಿಗೆ ಕಟ್ಟುತ್ತದೆ. ಕುಳಿತಲ್ಲಿಯೇ, ಅಶಕ್ತನು, ಒಂದೇ ಅಂಗಕ್ಕೆ, ಬಲವನ್ನರಿತು ಮಾಡತಕ್ಕ ಕ್ರಮಬದ್ಧವಾದ ಚೇಷ್ಟೆಗೆ ಇದಕ್ಕಿಂತ ಸ್ಪಷ್ಟವಾದ ಮೂಲವು ಬೇಕಿಲ್ಲ. ಆಯಾಸಕರ್ಮವೇ ವ್ಯಾಯಾಮವೆಂದ ಅದೇ ಸಂಹಿತೆಯು ಇದನ್ನು ವ್ಯಾಯಾಮಾಧ್ಯಾಯದಲ್ಲಿಡದೆ ಚಿಕಿತ್ಸೆಯಲ್ಲಿಟ್ಟಿರುವುದೂ ಮೇಲಣ ವ್ಯವಸ್ಥೆಗೆ ಅನುಗುಣವಾಗಿದೆ. ಆಸನಗಳ ಚಿತ್ರಪಟಗಳನ್ನು ಬರೆಯಿಸುವವರು ಈ ಮಣ್ಣಿನ ಮುದ್ದೆಯನ್ನೂ ಒಂದು ಮೂಲೆಯಲ್ಲಿ ಬರೆಯಿಸಬಹುದಾಗಿತ್ತು.

ಚರಕನು ಸ್ವೇದಾಧ್ಯಾಯದಲ್ಲಿ ಹೇಳುವ ದೃಷ್ಟಾಂತವೂ ಇಲ್ಲಿ ಸ್ಮರಣೀಯ. ಒಣಗಿದ ಮರದ ತುಂಡು ಕೂಡ ಎಣ್ಣೆ ಹಚ್ಚಿ ಕಾಯಿಸಿದರೆ ಬಾಗುವುದು. ಹೀಗಿರುವಾಗ ಬದುಕಿರುವ ಮನುಷ್ಯನ ಮಾತೇನೆಂದು ಆಚಾರ್ಯನ ಪ್ರಶ್ನೆ. ಬಿಗಿದ ಸಂಧಿಯನ್ನು ಬಲಾತ್ಕಾರದಿಂದ ಬಗ್ಗಿಸಿದರೆ ಮುರಿಯುವುದೆಂಬ ಎಚ್ಚರಿಕೆಯೂ, ಬಗ್ಗಲಾರದೆಂದು ಕೈಬಿಡತಕ್ಕದ್ದಲ್ಲವೆಂಬ ಆಶ್ವಾಸನೆಯೂ ಒಂದೇ ಮಾತಿನಲ್ಲಿ ಅಡಗಿವೆ.

ಮಾತ್ರೆಯ ವಿಷಯದಲ್ಲಿ ಮತ್ತೊಂದು ತಪ್ಪು ಬಳಕೆಯಲ್ಲಿದೆ. ಅದನ್ನು ತೋರಿಸದೆ ಬಿಡಲಾಗದು. ಅರ್ಧಶಕ್ತಿಯಷ್ಟು ವ್ಯಾಯಾಮ ಮಾಡಬೇಕೆಂಬ ಮಾತನ್ನು ಕೆಲವರು ವೃದ್ಧರಿಗೂ ರೋಗಿಗಳಿಗೂ ಉಪದೇಶಿಸುವರು. ವಾಗ್ಭಟನ ವಾಕ್ಯವನ್ನು ಪೂರ್ತಿಯಾಗಿ ಓದಿದರೆ, ಬಲಿಷ್ಠರಾಗಿ ಸ್ನಿಗ್ಧವಾದ ಆಹಾರವನ್ನು ಉಣ್ಣುವವರಿಗೆ, ಅದೂ ಚಳಿಗಾಲ ವಸಂತಗಳಲ್ಲಿ, ಆ ಅರ್ಧಶಕ್ತಿಯು ವಿಹಿತ. ಉಳಿದ ಕಾಲದಲ್ಲಿ ಅವರಿಗೂ ಮಂದವಾಗಿಯೇ. ತುಪ್ಪ ಉಂಡು ಗರಡಿಗೆ ಹೋಗುವವನಿಗೆ ಹೇಳಿದ ಅಳತೆಯನ್ನು ಗಂಜಿ ಕುಡಿದು ಕುರ್ಚಿಯಲ್ಲಿ ಕುಳಿತವನಿಗೆ ಅನ್ವಯಿಸುವುದು ಅಪಾಯಕರ. ಹೃದಯದಲ್ಲಿರುವ ವಾಯುವು ಬಾಯಿಗೆ ಬರುವುದೇ ಬಲಾರ್ಧದ ಲಕ್ಷಣವೆಂದು ಸುಶ್ರುತನು ಹೇಳಿರುವನಷ್ಟೆ. ಕುಳಿತು ಅಭ್ಯಾಸ ಮಾಡುವ ಅಶಕ್ತನು ಬಾಯಿಂದ ಉಸಿರುಬಿಡುವ ಆ ಸ್ಥಿತಿಗೆ ಬರುವುದಕ್ಕೆ ಬಹುಮುಂಚೆಯೇ ನಿಲ್ಲಿಸತಕ್ಕದ್ದು. ಆದರೆ ನಿಲ್ಲಿಸುವುದೆಂದರೆ ತೊಡಗದಿರುವುದೆಂದಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ೨೦೨೦ರಲ್ಲಿ ಹೊರಡಿಸಿದ ಮಾರ್ಗದರ್ಶಿಯಲ್ಲಿ ಅಂಗವೈಕಲ್ಯವುಳ್ಳವರನ್ನೂ ಬೇರೆಯಾಗಿ ಹೆಸರಿಸಿ, ಏನೂ ಮಾಡದಿರುವುದಕ್ಕಿಂತ ಸ್ವಲ್ಪವಾದರೂ ಮಾಡುವುದು ಮೇಲೆಂದು ಹೇಳಿರುವುದು ಚರಕನ ಮಾತ್ರಾಶಬ್ದಕ್ಕೆ ವಿರೋಧವಾದುದಲ್ಲ.

ಇನ್ನು ಹೆಸರುಗಳು. ‘ಶಿಥಿಲೀಕರಣ’ವೆಂಬ ಹೆಸರು ಬೆಂಗಳೂರಿನ ಸ್ವಾಮಿ ವಿವೇಕಾನಂದ ಯೋಗ ಅನುಸಂಧಾನ ಸಂಸ್ಥಾನದ ಪಾಠಕ್ರಮದ ಮೂಲಕ ನಾಡಿನಲ್ಲಿ ಪರಿಚಿತವಾಗಿದೆ. ಬಿಗಿದುದನ್ನು ಸಡಿಲಿಸುವುದೆಂಬ ಅರ್ಥದಲ್ಲಿ ಸಂಸ್ಕೃತಕ್ಕೆ ಇದು ನಿರ್ದುಷ್ಟವಾದ ಪದವೇ. ಆದರೆ ಕನ್ನಡದಲ್ಲಿ ಶಿಥಿಲವೆಂದರೆ ಬೀಳುವಂತಾದ ಗೋಡೆ. ಎಂಬತ್ತು ವರ್ಷದ ಮುದುಕನನ್ನು ಶಿಥಿಲೀಕರಣಕ್ಕೆ ಬನ್ನಿರೆಂದು ಕರೆದರೆ, ಆ ಕೆಲಸವನ್ನು ಕಾಲವು ಆಗಲೇ ಮುಗಿಸಿದೆಯೆಂದು ಆತನು ಹೇಳಿಯಾನು! ಇದಲ್ಲದೆ ಯೋಗಸೂತ್ರದ ಶೈಥಿಲ್ಯವು ಪ್ರಯತ್ನದ್ದು, ಇದು ಸಂಧಿಗಳದ್ದು. ಎರಡನ್ನೂ ಒಂದೆಂದು ತಿಳಿಯಬಾರದು. ಬಿಹಾರದ ಮುಂಗೇರದಲ್ಲಿ ಸ್ವಾಮಿ ಸತ್ಯಾನಂದ ಸರಸ್ವತಿಗಳು (೧೯೨೩–೨೦೦೯) ಕ್ರಮಗೊಳಿಸಿದ ‘ಪವನಮುಕ್ತಾಸನ’ದ ಮೊದಲನೆಯ ವರ್ಗವು ಕಾಲ್ಬೆರಳಿನಿಂದ ಕತ್ತಿನವರೆಗೆ ಒಂದೊಂದೇ ಸಂಧಿಯನ್ನು ಕುಳಿತು ಚಲಿಸುವ ಅಭ್ಯಾಸ. ೧೯೬೯ರಲ್ಲಿ ಪ್ರಕಟವಾದ ಅವರ ಗ್ರಂಥವು ಇದನ್ನು ಸಂಧಿವಾತಹರವೆಂದು ಹೆಸರಿಸುತ್ತದೆ. ಚಲನವನ್ನು ಆಸನವೆಂದು ಕರೆದುದು ಪಾತಂಜಲಪರಿಭಾಷೆಗೆ ಹೊಂದದಿದ್ದರೂ, ಕುಳಿತೇ ಮಾಡತಕ್ಕ ಚಲನಗಳಿಗೆ ಒಂದು ಕ್ರಮವನ್ನು ಕೊಟ್ಟ ಉಪಕಾರವು ದೊಡ್ಡದು. ಅಲ್ಲಿ ಕುಳಿತುಕೊಳ್ಳುವುದು ನೆಲದ ಮೇಲೆ ಕಾಲು ನೀಡಿ. ಅದನ್ನು ಕುರ್ಚಿಗೆ ಒಯ್ದುದು ಆಮೇಲಣ ಕೆಲಸ. ಈ ಹೆಸರುಗಳಲ್ಲೆಲ್ಲ ‘ಸೂಕ್ಷ್ಮವ್ಯಾಯಾಮ’ವೇ ಚರಕಸುಶ್ರುತರಿಬ್ಬರಿಗೂ ಹತ್ತಿರವಾದುದೆಂದು ತೋರುತ್ತದೆ, ವ್ಯಾಯಾಮವೆಂಬುದನ್ನು ಒಪ್ಪಿ, ಸೂಕ್ಷ್ಮವೆಂಬುದರಿಂದ ಆಯಾಸವನ್ನು ಕಳೆಯುತ್ತದೆ.

ಆಸನವೆಂದರೆ ಕಠಿನವಾದ ಅಂಗಭಂಗಿಯೆಂಬ ಭಾವನೆಯು ಹೇಗೆ ಬೇರೂರಿತೆಂಬುದಕ್ಕೆ ಮೈಸೂರಿನ ಇತಿಹಾಸವು ಸ್ವಲ್ಪಮಟ್ಟಿಗೆ ಉತ್ತರ ಹೇಳುತ್ತದೆ. ಚಿತ್ರದುರ್ಗದ ಸೀಮೆಯಲ್ಲಿ ೧೮೮೮ರಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ೧೯೩೩ರಿಂದ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಯನ್ನು ನಡಸಿದರು. ಅವರ ‘ಯೋಗಮಕರಂದ’ವು ೧೯೩೪ರಲ್ಲಿಯೂ ‘ಯೋಗಾಸನಗಳು’ ೧೯೪೧ರಲ್ಲಿಯೂ ಕನ್ನಡದಲ್ಲಿಯೇ ಪ್ರಕಟವಾದವು. ಯೋಗಶಾಲೆಯ ವಿದ್ಯಾರ್ಥಿಗಳು ಬಹುಪಾಲು ಹುಡುಗರು. ಅವರಿಗೆ ತಕ್ಕ ಪಾಠವು ಚುರುಕಾದುದು, ಕಠಿನವಾದುದು. ಅಲ್ಲಿ ಕಲಿತ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್ಯರ (೧೯೧೮–೨೦೧೪) ಇಂಗ್ಲಿಷ್ ಗ್ರಂಥವು ೧೯೬೬ರಲ್ಲಿ ಸುಮಾರು ೬೦೦ ಚಿತ್ರಗಳೊಡನೆ ಹೊರಬಂದು ಜಗತ್ತಿನಲ್ಲೆಲ್ಲ ಹರಡಿತು. ಚಿತ್ರವು ಆಕಾರವನ್ನು ತೋರಿಸಬಲ್ಲುದು. ಸ್ಥೈರ್ಯವನ್ನೂ ಸುಖವನ್ನೂ ತೋರಿಸಲಾರದು. ಓದುಗನು ಚಿತ್ರವನ್ನೇ ಲಕ್ಷಣವೆಂದು ಹಿಡಿದನು. ಸೂತ್ರದ ಲಕ್ಷಣವು ಹಿಂದೆ ಬಿದ್ದಿತು. ಇದರಲ್ಲಿ ಗ್ರಂಥಕಾರರ ದೋಷಕ್ಕಿಂತ ಓದುಗರ ದೋಷವೇ ಹೆಚ್ಚು. ಏಕೆಂದರೆ ಅದೇ ಅಯ್ಯಂಗಾರ್ಯರು ಕುರ್ಚಿ, ಪಟ್ಟಿ, ದಿಂಬು, ಹಗ್ಗ, ಮರದ ಇಟ್ಟಿಗೆಗಳನ್ನು ಅಭ್ಯಾಸಕ್ಕೆ ತಂದು, ರೋಗಿಗಳಿಗೂ ವೃದ್ಧರಿಗೂ ಆಸನಗಳನ್ನು ಎಟುಕಿಸಿದರು. ಅವರ ಪಟ್ಟಿಯು ಯೋಗಪಟ್ಟದ ವಂಶಕ್ಕೇ ಸೇರಿದುದು. ಕೃಷ್ಣಮಾಚಾರ್ಯರ ವಿಷಯದಲ್ಲಿಯೂ ಅವರ ಚರಿತ್ರೆಯನ್ನು ಬರೆದವರು ಒಂದು ಸಂಗತಿಯನ್ನು ಹೇಳುವರು: ೯೬ನೆಯ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದಾಗ ಆಚಾರ್ಯರು ಶಸ್ತ್ರಚಿಕಿತ್ಸೆಯನ್ನು ಒಪ್ಪದೆ, ಹಾಸಿಗೆಯಲ್ಲಿದ್ದುಕೊಂಡೇ ಮಾಡತಕ್ಕ ಅಭ್ಯಾಸಕ್ರಮವೊಂದನ್ನು ತಮಗೆ ತಾವೇ ಏರ್ಪಡಿಸಿಕೊಂಡರು. ೧೯೮೯ರಲ್ಲಿ, ನೂರು ತುಂಬಿದ ಮೇಲೆ, ಅವರ ಜೀವಿತವು ಮುಗಿಯಿತು. ಶಸ್ತ್ರಚಿಕಿತ್ಸೆಯನ್ನು ಬಿಟ್ಟುದನ್ನು ಯಾರೂ ಮಾದರಿಯಾಗಿ ಹಿಡಿಯಬೇಕಾದುದಿಲ್ಲ. ಯೋಗಶಾಲೆಯ ಕಠಿನಾಸನಗಳ ಆಚಾರ್ಯನಿಗೇ ಹಾಸಿಗೆಯ ಅಭ್ಯಾಸವು ಅನುಕಲ್ಪವೆಂದು ತೋರಲಿಲ್ಲವೆಂಬುದೇ ಇಲ್ಲಿ ಪ್ರಕೃತ.

ಕಡೆಯದಾಗಿ ಅಧಿಕಾರದ ಪ್ರಶ್ನೆ. ಪೂರ್ವಮೀಮಾಂಸೆಯ ಆರನೆಯ ಅಧ್ಯಾಯದಲ್ಲಿ, ಅಂಗಹೀನನಿಗೆ ಯಜ್ಞದಲ್ಲಿ ಅಧಿಕಾರವುಂಟೇ ಎಂದು ವಿಚಾರಮಾಡಿದೆ. ಕುರುಡನು ಆಜ್ಯವನ್ನು ನೋಡಲಾರನು, ಕುಂಟನು ವಿಷ್ಣುಕ್ರಮಗಳೆಂಬ ಹೆಜ್ಜೆಗಳನ್ನು ಇಡಲಾರನು. ವಿಧಿಸಿದ ಅಂಗವನ್ನು ನೆರವೇರಿಸಲಾರದವನಿಗೆ ಆ ಕರ್ಮದಲ್ಲಿ ಅಧಿಕಾರವು ಕಷ್ಟವೆಂಬುದು ಅಲ್ಲಿಯ ಯುಕ್ತಿ. ಇದು ಕಠೋರವಾಗಿ ಕಂಡರೂ ಮೀಮಾಂಸಕನ ದೃಷ್ಟಿಯಿಂದ ಸುಸಂಗತವಾದುದೇ. ಹೆಜ್ಜೆಯೇ ವಿಧೇಯವಾದಲ್ಲಿ ಕಾಲಿಲ್ಲದವನು ಏನು ಮಾಡಬೇಕು? ಆಸನವನ್ನು ಅಶಕ್ತರಿಂದ ದೂರವಿಡುವವರು ತಮಗರಿವಿಲ್ಲದೆಯೇ ಈ ಯುಕ್ತಿಯನ್ನು ಯೋಗಕ್ಕೆ ಎಳೆದು ತರುವಂತಿದೆ. ಆದರೆ ಯೋಗಸೂತ್ರದಲ್ಲಿ ಹೆಜ್ಜೆಯೂ ವಿಧೇಯವಲ್ಲ, ಕಾಲಿನ ಮಡಿಕೆಯೂ ವಿಧೇಯವಲ್ಲ. ಅಲ್ಲಿ ವಿಧೇಯವಾದುದು ಸ್ಥೈರ್ಯಸುಖಗಳು. ಪದ್ಮಾಸನವನ್ನು ಹಾಕಿ ಮಂಡಿನೋವಿನಿಂದ ಹಲ್ಲುಕಚ್ಚಿ ಕುಳಿತವನಲ್ಲಿ ಆ ವಿಧಿಯು ನೆರವೇರಲಿಲ್ಲ. ಕುರ್ಚಿಯಲ್ಲಿ ಬೆನ್ನೊರಗಿಸಿ ನೆಮ್ಮದಿಯಾಗಿ ಕುಳಿತವನಲ್ಲಿ ನೆರವೇರಿತು. ಹಠಯೋಗಿಗಳೂ ಇದನ್ನು ಬಲ್ಲವರೇ. ಯುವಕನಾಗಲಿ, ವೃದ್ಧನಾಗಲಿ, ಅತಿವೃದ್ಧನಾಗಲಿ, ರೋಗಿಯಾಗಲಿ, ದುರ್ಬಲನಾಗಲಿ, ಆಲಸ್ಯವಿಲ್ಲದೆ ಅಭ್ಯಾಸ ಮಾಡಿದರೆ ಸಿದ್ಧಿಯುಂಟೆಂದು ಹಠಪ್ರದೀಪಿಕೆಯ ಮೊದಲನೆಯ ಉಪದೇಶವು ಹೇಳುತ್ತದೆ. ಅದಕ್ಕಿಂತ ಪ್ರಾಚೀನವಾದ ದತ್ತಾತ್ರೇಯಯೋಗಶಾಸ್ತ್ರದಲ್ಲಿಯೂ ಈ ಅಭಿಪ್ರಾಯವಿದೆ. ಅತಿವೃದ್ಧನನ್ನು ಬೇರೆಯಾಗಿ ಎಣಿಸಿರುವುದನ್ನು ನೋಡಬೇಕು. ಹೊರಗಿಟ್ಟಿರುವುದು ಆಲಸ್ಯವನ್ನೇ ಹೊರತು ಅಂಗವೈಕಲ್ಯವನ್ನಲ್ಲ. ಸಾಂಖ್ಯರ ಪಂಗ್ವಂಧನ್ಯಾಯದಲ್ಲಿಯೂ, ನಡೆಯಲಾರದೆ ಕುರುಡನ ಹೆಗಲೇರಿದ ಕುಂಟನೇ ಪುರುಷನ ಸ್ಥಾನದಲ್ಲಿದ್ದಾನೆ, ದಾರಿಯನ್ನು ಕಾಣುವವನು ಅವನೇ, ಎಂಬುದನ್ನು ಪ್ರಸಂಗವಶದಿಂದ ನೆನೆಯಬಹುದು.

ಭಾಷ್ಯದ ಪಟ್ಟಿಯ ಕೊನೆಯ ಎರಡು ಹೆಸರುಗಳ ವಿಷಯದಲ್ಲಿ ಒಂದು ಸಂಶಯವು ಉಳಿಯುತ್ತದೆ. ಸ್ಥಿರಸುಖ, ಯಥಾಸುಖ ಎಂಬಿವು ಎರಡು ಬೇರೆ ಆಸನಗಳೋ, ಅಥವಾ ಎರಡನೆಯದು ಮೊದಲನೆಯದರ ವಿವರಣೆಯೋ? ವಿವರಣೆಯೆಂದು ಹಿಡಿದರೆ, ಸೂತ್ರದ ಲಕ್ಷಣವನ್ನೇ ಭಾಷ್ಯಕಾರನು ಪಟ್ಟಿಯ ಕೊನೆಗೆ ಮತ್ತೊಮ್ಮೆ ತಂದಿಟ್ಟನೆಂದಾಗುವುದು. ಬೇರೆ ಬೇರೆಯೆಂದು ಹಿಡಿದರೆ, ಹೆಸರಿಲ್ಲದ, ಗುರುವು ತೋರಿಸಿಕೊಡದ, ಕುಳಿತವನು ತನ್ನ ದೇಹಕ್ಕೆ ಒಗ್ಗುವಂತೆ ತಾನೇ ಕಂಡುಕೊಂಡ ಒಂದು ಕುಳಿತಿರುವಿಕೆಯು ಪದ್ಮಾಸನದೊಡನೆ ಆ ಪಟ್ಟಿಯಲ್ಲಿ ಸ್ಥಾನಪಡೆದಿದೆ. ಕೊನೆಯಲ್ಲಿ ಸಮುಚ್ಚಯಾರ್ಥಕವಾದ ಚಕಾರವಿರುವುದರಿಂದ ಎರಡನೆಯ ಪಕ್ಷವೇ ಬಲವಾದುದೆಂದು ತೋರುತ್ತದೆ.